ಅತ್ತಿಗೆಯ ಮೂಗು

ಬೆಳಿಗ್ಗೆ ನಮ್ಮ ಅತ್ತಿಗೆಯ ಮನೆಯ ಕರೆಗಂಟೆ ಒಮ್ಮೆ ಬಾರಿಸತೊಡಗಿತೆಂದರೆ ಎಲ್ಲ ಮಕ್ಕಳೂ ಬಂದು ಮುಗಿಯುವವರೆಗೆ ನಿಲ್ಲುತ್ತಿರಲಿಲ್ಲ. ಒಂದು ಕೂಸು ನಿದ್ದೆಗಣ್ಣಲ್ಲಿ ಅಪ್ಪನ ಹೆಗಲ ಮೇಲೆ ಜೋತಾಡುತ್ತ ಬರುತ್ತಿತ್ತು, ಇನ್ನೊಂದು ಮೆಟ್ಟಿಲಲ್ಲೇ ರಾಗ ತೆಗೆಯುತ್ತಿತ್ತು. ಹೆತ್ತವರಿಗೆ ಬಸ್ಸು ತಪ್ಪೀತೆಂಬ ಗಡಿಬಿಡಿ. ಚೀಲ ಕೊಟ್ಟು, ಕೆನ್ನೆಗೊಂದು ಮುತ್ತು ಕೊಟ್ಟು, ಮಗುವನ್ನು ಅತ್ತಿಗೆಯ ಸೊಂಟಕ್ಕೆ ದಾಟಿಸಿ ಓಡುತ್ತಿದ್ದರು. ಆ ಸೊಂಟ ಎಷ್ಟು ಕಾಲದಿಂದ ನೋಯುತ್ತಿದೆ ಎಂದು ಅವರಲ್ಲಿ ಯಾರೂ ಕೇಳಿದವರಲ್ಲ. ನಾನು ಕೇಳಿದ್ದೆ. “ನೋವು ಅದರ ಪಾಡಿಗೆ ಅದಿರುತ್ತೆ, ನಾನು ನನ್ನ ಪಾಡಿಗೆ ಇರ್ತೀನಿ” ಎಂದಿದ್ದರು.

ನಾನು ಅವರ ನಾದಿನಿ. ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಒಂದು ಕೋಣೆ ಮಾಡಿಕೊಂಡಿದ್ದೇನೆ. ಹಗಲೆಲ್ಲ ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತು ಊರವರ ಕೆಮ್ಮು, ನೆಗಡಿ, ಹೊಟ್ಟೆನೋವಿನ ಕಥೆ ಕೇಳುವುದು, ಸಂಜೆ ಅಣ್ಣನ ಮನೆಗೆ ಇಳಿದು ಬಂದು ಅವನ್ನೆಲ್ಲ ಉಪ್ಪು ಖಾರ ಹಚ್ಚಿ ಒಪ್ಪಿಸುವುದು ನನ್ನ ಅಭ್ಯಾಸ. ಇವಳ ಬಾಯಲ್ಲಿ ಮಾತು ನಿಲ್ಲುವುದಿಲ್ಲ ಎಂದು ಮನೆಯವರ ದೂರು. ಇರಲಿ. ಆಡಬೇಕಾದ ಮಾತನ್ನು ಆಡದೆ ಇಟ್ಟುಕೊಂಡವರಿಂದ ಏನಾಯಿತು ಎಂದು ಈಗ ಹೇಳಲು ಕೂತಿರುವುದೂ ನಾನೇ.

ಅಣ್ಣ ಮುದ್ರಣಾಲಯದಲ್ಲಿ ಯಂತ್ರ ನಡೆಸುತ್ತಿದ್ದ. ಮುದ್ರಣಾಲಯ ಬಾಗಿಲು ಹಾಕಿದ ಮೇಲೆ ಅವನಿಗೆ ಬೇರೆ ಕೆಲಸ ಹತ್ತಲಿಲ್ಲ. ಅತ್ತಿಗೆ ಆಗಲೇ ಪಕ್ಕದ ಮನೆಯ ಮಗುವೊಂದನ್ನು ಉಪಕಾರಕ್ಕೆಂದು ನೋಡಿಕೊಳ್ಳುತ್ತಿದ್ದರು. ಆ ಮಗುವಿನ ಹಿಂದೆ ಇನ್ನೊಂದು ಬಂತು, ಅದರ ಹಿಂದೆ ಮತ್ತೊಂದು. ಉಪಕಾರ ಹೋಗಿ ಅದೇ ಮನೆಯ ಅನ್ನವಾಯಿತು. ಮುಂದಿನ ಕೋಣೆಯ ಮೇಜು ಕುರ್ಚಿ ಎಲ್ಲ ಮಾರಿ ಚಾಪೆ ಹಾಸಿದರು. ಮಕ್ಕಳು ಒಲೆಯ ಹತ್ತಿರ ಹೋಗದಂತೆ ಅಣ್ಣ ಅಡುಗೆಮನೆಗೆ ಮರದ ಅರ್ಧ ಬಾಗಿಲು ಮಾಡಿಕೊಟ್ಟ. ಆ ಬಾಗಿಲ ಮೇಲಿಂದ ಪುಟ್ಟ ತಲೆಗಳು ಸಾಲಾಗಿ ಇಣುಕುತ್ತಿದ್ದವು. ಅದನ್ನು ನೋಡಿದರೆ ನನಗೂ ನಗು ಬರುತ್ತಿತ್ತು, ಮಕ್ಕಳೆಂದರೆ ನನಗೆ ಅಷ್ಟಕ್ಕಷ್ಟೇ ಆದರೂ.

ತಿನ್ನಿಸುವ ವಿಷಯದಲ್ಲಿ ಅತ್ತಿಗೆಯದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡ ಜಾಗರೂಕತೆ. ದ್ರಾಕ್ಷಿಯನ್ನು ಉದ್ದುದ್ದಕ್ಕೆ ಸೀಳಿಯೇ ಕೊಡಬೇಕು, ಇಡಿಯದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಸೇಬನ್ನು ಬೇಯಿಸಿಯೇ ಕೊಡಬೇಕು. ವರ್ಷ ತುಂಬದ ಕೂಸಿಗೆ ಜೇನು ಮುಟ್ಟಿಸಿದವರನ್ನು ಮನೆಯೊಳಗೆ ಬಿಡುತ್ತಿರಲಿಲ್ಲ, ಅದು ಕೂಸಿನ ಸ್ವಂತ ಅಜ್ಜಿಯಾದರೂ ಸರಿ. ಹಸಿ ಮಾಂಸ ಹೆಚ್ಚುವ ಹಲಗೆಯ ಮೇಲೆ ನಾನೊಮ್ಮೆ ಸೌತೆಕಾಯಿ ಹೆಚ್ಚಿದೆ ಎಂದು ಆ ಸೌತೆಕಾಯಿಯನ್ನೂ ನನ್ನ ಮರ್ಯಾದೆಯನ್ನೂ ಒಟ್ಟಿಗೆ ಕಸದ ಬುಟ್ಟಿಗೆ ಹಾಕಿದ್ದರು. ನಿನ್ನೆಯ ಅಡುಗೆ ದೊಡ್ಡವರಿಗೆ, ಇವತ್ತಿನದು ಮಕ್ಕಳಿಗೆ. ಆ ಮನೆಯ ಕಾನೂನು ಅದು.

ಈ ಎಲ್ಲದರ ಮೇಲೆ ಅವರ ಮೂಗು. ಅಂಥ ಮೂಗನ್ನು ನಾನು ಬೇರೆಲ್ಲೂ ಕಂಡಿಲ್ಲ. ಹಾಲಿನ ಅಂಗಡಿಯಲ್ಲಿ ಬಾಟಲಿಯ ಮುಚ್ಚಳ ತೆರೆಸಿ ಮೂಸಿ, “ಇದು ಸಂಜೆ ಹೊತ್ತಿಗೆ ಒಡೆಯುತ್ತೆ” ಎಂದು ಹಿಂದಕ್ಕೆ ತಳ್ಳುತ್ತಿದ್ದರು, ಸಂಜೆ ಅದು ಒಡೆಯುತ್ತಿತ್ತು. ಬಾಟಲಿಯ ಮೇಲೆ ತಾರೀಖು ಬರೆದಿದೆಯಲ್ಲ ಎಂದು ನಾನು ವಾದಿಸಿದರೆ, “ತಾರೀಖು ಅಚ್ಚು ಹಾಕಿದೋನು ಕುಡಿದು ನೋಡಿದಾನಾ?” ಎನ್ನುತ್ತಿದ್ದರು. ಕೆಳಗಿನ ಮೆಟ್ಟಿಲಲ್ಲಿ ನಿಂತೇ, ಮೇಲೆ ನನ್ನ ಒಲೆಯಲ್ಲಿ ಏನು ತಳ ಹಿಡಿದಿದೆ ಎಂದು ಕೂಗಿ ಹೇಳುತ್ತಿದ್ದರು. ಇಡೀ ಮನೆ ಆ ಮೂಗನ್ನು ನಂಬಿ ಉಣ್ಣುತ್ತಿತ್ತು.

ಬಂದ ಮಕ್ಕಳಿಗೆಲ್ಲ ಅವರು ಒಂದೊಂದು ಹೆಸರಿಡುತ್ತಿದ್ದರು. ಉರುಟುರುಟಾಗಿದ್ದವನು ಗುಂಡು. ತಟ್ಟೆಗೆ ಏನು ಬಡಿಸಿದರೂ ಮೊದಲು ಕೈ ಅಡ್ಡ ಹಿಡಿಯುವ, ಕಡ್ಡಿಯಂಥ ಹುಡುಗಿಯೊಬ್ಬಳಿದ್ದಳು. ಅವಳು ಬೇಡಮ್ಮ. ಅವಳ ತಾಯಿ ಹೊಲಿಗೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಅಪ್ಪ ಎಲ್ಲಿದ್ದಾನೆಂದು ಅವಳು ಹೇಳಿರಲಿಲ್ಲ, ನಾವೂ ಕೆದಕಿರಲಿಲ್ಲ. ಬೇಡಮ್ಮನಿಗೆ ಉಣಿಸುವುದು ಅತ್ತಿಗೆಗೆ ದಿನದ ದೊಡ್ಡ ಕಸರತ್ತು. ಕಾಗೆ, ಕುದುರೆ, ಕಿಟಕಿಯಾಚೆಯ ಲಾರಿ ಎಲ್ಲವನ್ನೂ ತೋರಿಸಿ, ಅವಳು ಬಾಯಿ ತೆರೆದ ಗಳಿಗೆಯಲ್ಲಿ ಚಮಚ ಒಳಗೆ ತೂರಿಸುತ್ತಿದ್ದರು. ಸಂಜೆ ತಾಯಿ ಬಂದಾಗ, “ಇವತ್ತು ಪೂರ್ತಿ ಉಂಡಳು ನೋಡಮ್ಮ” ಎಂದು ಹೇಳುವುದರಲ್ಲಿ ಅವರಿಗಿದ್ದ ಹೆಮ್ಮೆ ಅಷ್ಟಿಷ್ಟಲ್ಲ. ಆ ತಾಯಿಯ ಮುಖದ ಆಯಾಸ ಆಗ ಒಂದಿಷ್ಟು ಇಳಿದಂತೆ ಕಾಣುತ್ತಿತ್ತು.

ಇದೆಲ್ಲ ನಡೆದ ಬೇಸಿಗೆಗೆ ಮುಂಚೆ ಅತ್ತಿಗೆ ಜ್ವರ ಹಿಡಿದು ಮಲಗಿದರು. ಮಕ್ಕಳಿಂದಲೇ ಅಂಟಿದ್ದು, ಅವರಲ್ಲಿ ಒಬ್ಬೊಬ್ಬರಾಗಿ ಎಲ್ಲರಿಗೂ ಬಂದು ಹೋಗಿತ್ತು. ಜ್ವರ ಬಿಟ್ಟಿತು, ಕೆಮ್ಮು ಬಿಟ್ಟಿತು, ಮೈಯಲ್ಲಿ ಮಾತ್ರ ಶಕ್ತಿ ಮರಳಲಿಲ್ಲ. ನಿಂತಲ್ಲಿ ಗೋಡೆ ಹಿಡಿದುಕೊಳ್ಳುತ್ತಿದ್ದರು. ಅದನ್ನು ನಾವೆಲ್ಲ ಕಂಡೆವು. ಕಾಣದ್ದು ಇನ್ನೊಂದಿತ್ತು. ಅವರ ಮೂಗು ಸತ್ತೇ ಹೋಗಿತ್ತು. ಹಾಲು ಹೊತ್ತಿದರೆ ತಿಳಿಯದು, ಸೋಪು ತಿಳಿಯದು, ಮಗುವಿನ ಒದ್ದೆ ಬಟ್ಟೆ ತಿಳಿಯದು. ನಾಲಿಗೆಯೂ ಅದರ ಜೊತೆಗೇ ಹೋಗಿತ್ತು. ಡಾಕ್ಟರು ನೋಡಿ, ಕೆಲವರಿಗೆ ಬೇಗ ಮರಳುತ್ತದೆ, ಕೆಲವರಿಗೆ ಮರಳುವುದೇ ಇಲ್ಲ, ಕಾದು ನೋಡಿ ಎಂದರಂತೆ. ಕಾದು ನೋಡಿ ಎಂಬುದು ಡಾಕ್ಟರಿಗೆ ಸುಲಭದ ಮಾತು, ನಾಳೆ ಬೆಳಿಗ್ಗೆ ಅವರ ಬಾಗಿಲಲ್ಲಿ ಕೂಸುಗಳು ಸಾಲು ನಿಲ್ಲುವುದಿಲ್ಲವಲ್ಲ.

ಅತ್ತಿಗೆ ಇದನ್ನು ಹೇಳಿದ್ದು ಅಣ್ಣನಿಗೆ ಮಾತ್ರ. ನನಗೆ ಹೇಳಲಿಲ್ಲ; ಹೇಳಿದ್ದರೆ ಮರುದಿನವೇ ಬೀದಿಗೆಲ್ಲ ತಿಳಿಯುತ್ತಿತ್ತು ಎಂದು ಅವರ ಹೆದರಿಕೆ. ತಿಳಿದರೆ ಯಾರು ಮಕ್ಕಳನ್ನು ಬಿಡುತ್ತಾರೆ? ಮಕ್ಕಳು ಬರದಿದ್ದರೆ ಮನೆ ನಡೆಯುವುದು ಹೇಗೆ? ಹಾಗಾಗಿ ಒಂದು ಉಪಾಯ ಮಾಡಿದರು. ಇನ್ನು ಮೇಲೆ ಮನೆಯ ಮೂಗು ಅಣ್ಣನದು. ಹಾಲು ತಂದ ಕೂಡಲೇ ಅವನು ಮೂಸಬೇಕು, ಅಡುಗೆ ಇಳಿಸಿದ ಕೂಡಲೇ ಅವನು ರುಚಿ ನೋಡಬೇಕು, ಗ್ಯಾಸಿನ ವಾಸನೆ ಇದೆಯೇ ಎಂದು ಹೋಗುತ್ತ ಬರುತ್ತ ಒಲೆಯತ್ತ ಬಗ್ಗಬೇಕು.

ಅಲ್ಲೇ ಎಡವಿದ್ದು. ನಮ್ಮ ಅಣ್ಣನನ್ನು ಬಲ್ಲವರಾರೂ ಆ ಕೆಲಸ ಅವನಿಗೆ ಕೊಡುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಒಂದು ದಿನ ಊಟದ ನಡುವೆ ಉಪ್ಪು ಜಾಸ್ತಿ ಅಂದಿದ್ದ. ಅತ್ತಿಗೆ ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡರು. ಅವರ ಕೋಪ ಇಳಿಯುವ ಹೊತ್ತಿಗೆ ನಮ್ಮ ಅಮ್ಮ ಮಗನನ್ನು ಪಕ್ಕಕ್ಕೆ ಕರೆದು ಅದೇನು ಉಪದೇಶ ಮಾಡಿದಳೋ, ಅಂದಿನಿಂದ ಅವನ ಬಾಯಲ್ಲಿ ಒಂದೇ ಮಾತು: ಚೆನ್ನಾಗಿದೆ. ಸೀದದ್ದೂ ಚೆನ್ನಾಗಿದೆ, ಬೇಯದ್ದೂ ಚೆನ್ನಾಗಿದೆ. ಒಮ್ಮೆ ಅತ್ತಿಗೆ ಅವಸರದಲ್ಲಿ ಸಕ್ಕರೆಯ ಬದಲು ಅಡಿಗೆ ಸೋಡಾ ಸುರಿದ ಪಾಯಸದಂಥದ್ದೇನನ್ನೋ ಪೂರ್ತಿ ತಿಂದು, ಲೋಟ ನೀರು ಕುಡಿದು, ಚೆನ್ನಾಗಿದೆ ಅಂದವನು ಅವನು. ಅವನದು ಪ್ರೀತಿ, ಅಷ್ಟೇ ಅಂಜಿಕೆ. ಎರಡೂ ಬೆರೆತು ಅವನಲ್ಲಿ ಅಭ್ಯಾಸವಾಗಿಬಿಟ್ಟಿತ್ತು. ಅದನ್ನು ಹೇಳಿ ನಾವು ಎಷ್ಟೋ ಸಲ ನಕ್ಕಿದ್ದೆವು, ಅತ್ತಿಗೆಯೂ ನಕ್ಕಿದ್ದರು.

ನನಗೂ ಅನುಮಾನ ಬರಬೇಕಿತ್ತು. ಒಂದು ಸಂಜೆ ಇಳಿದು ಹೋದಾಗ ಮನೆಯೆಲ್ಲ ಹಾಲು ಸೀದ ವಾಸನೆ. ಅತ್ತಿಗೆ ಒಲೆಯ ಪಕ್ಕದಲ್ಲೇ ಕೂತು ಸೊಪ್ಪು ಬಿಡಿಸುತ್ತಿದ್ದರು.

“ಅತ್ತಿಗೆ, ಹಾಲು ಸೀದುಹೋಗ್ತಿದೆ, ಏನು ಯೋಚನೆ ಮಾಡ್ತಾ ಕೂತಿದೀರಿ?”

“ಗೊತ್ತು, ಗೊತ್ತು. ಏಳಕ್ಕೆ ಕಾಲಲ್ಲಿ ಶಕ್ತಿ ಇಲ್ಲ ಕಣೇ. ಆರಿಸು ಸ್ವಲ್ಪ.”

ಆ ದನಿಯಲ್ಲಿದ್ದ ಸುಸ್ತು ನಿಜವೇ ಆಗಿತ್ತು. ಅದರಿಂದ ನನಗೆ ಬೇರೇನೂ ಹೊಳೆಯಲಿಲ್ಲ. ಒಲೆ ಆರಿಸಿ, ಪಾತ್ರೆ ನೆನೆಸಿಟ್ಟು, ಅವರ ಕಾಲಿಗೊಂದು ಮುಲಾಮು ತಂದುಕೊಟ್ಟೆ.

ಮೈಯಲ್ಲಿ ಕಸುವಿಲ್ಲದ್ದರಿಂದ ಆ ಮನೆಯ ಕಾನೂನೂ ಸಡಿಲವಾಯಿತು. ಬೆಳಿಗ್ಗೆ ಕೂಸುಗಳನ್ನು ಇಳಿಸಿಕೊಳ್ಳುತ್ತ ಅಡುಗೆಯನ್ನೂ ಮಾಡುವುದು ಆಗದ ಮಾತು ಎನ್ನಿಸಿ, ಮಧ್ಯಾಹ್ನದ ಸೂಪನ್ನು ಹಿಂದಿನ ಸಂಜೆಯೇ ಮಾಡಿ ಫ್ರಿಜ್ಜಿನಲ್ಲಿಡತೊಡಗಿದರು. ಕೋಳಿ, ಕ್ಯಾರೆಟ್ಟು, ಅನ್ನ ಎಲ್ಲ ಹಾಕಿ ಮೆತ್ತಗೆ ಬೇಯಿಸಿದ ಸೂಪು. ಮಾರನೆಯ ದಿನ ಅಣ್ಣ ಮೂಸುವುದು, ಚೆನ್ನಾಗಿದೆ ಎನ್ನುವುದು, ಇವರು ಕುದಿಸಿ ಬಡಿಸುವುದು. ಕೆಲವು ವಾರ ಏನೂ ಆಗಲಿಲ್ಲ. ಏನೂ ಆಗದ್ದರಿಂದಲೇ ಧೈರ್ಯ ಬಂತು.

ಬೇಸಿಗೆ ಏರಿದಾಗ ಒಂದು ರಾತ್ರಿ ಕರೆಂಟು ಹೋಯಿತು. ಎಷ್ಟು ಹೊತ್ತು ಹೋಗಿತ್ತು ಎಂದು ಮಲಗಿದವರಿಗೆ ಗೊತ್ತಾಗಲಿಲ್ಲ. ಬೆಳಿಗ್ಗೆ ಎದ್ದಾಗ ಫ್ರಿಜ್ಜು ಗೊರಗೊರ ಅನ್ನುತ್ತಿತ್ತು, ಅದರ ಕೆಳಗೆ ಮಾತ್ರ ನೀರು ಹರಿದಿತ್ತು. ಅತ್ತಿಗೆ ಆ ನೀರನ್ನು ಕಂಡರು. ಕಂಡು, ಪಾತ್ರೆಯ ಮುಚ್ಚಳ ತೆಗೆದು ಅಣ್ಣನ ಮುಂದೆ ಹಿಡಿದರು.

“ರೀ, ಸರಿಯಾಗಿ ಮೂಸಿ ನೋಡ್ರಿ. ರಾತ್ರಿ ಕರೆಂಟು ಹೋಗಿತ್ತು.”

ಅಣ್ಣ ಬಗ್ಗಿ ಮೂಸಿದ. “ಚೆನ್ನಾಗಿದೆ ಕಣೇ” ಎಂದ.

ಆ ದಿನ ಗುಂಡುವಿನ ಹುಟ್ಟುಹಬ್ಬ. ಅವನ ತಾಯಿ ಮನೆಯಲ್ಲೇ ಕೇಕು ಮಾಡಿ, ಮೇಲೆ ಕೆನೆ ಬಳಿದು, ಡಬ್ಬಿಯಲ್ಲಿ ತಂದುಕೊಟ್ಟು ಹೋಗಿದ್ದಳು. ಅವಳ ಜೀವನದ ಮೊದಲ ಕೇಕಂತೆ, ಒಂದು ಕಡೆ ವಾಲಿಕೊಂಡಿತ್ತು. ಮಕ್ಕಳು ಬೆಳಿಗ್ಗೆ ಅದನ್ನು ಚೂರುಚೂರು ತಿಂದವು. ಮಧ್ಯಾಹ್ನ ಸೂಪು ಕುದಿಸಿ ಆರಿಸಿ ಬಟ್ಟಲುಗಳಿಗೆ ಹಾಕಿದಾಗ ಒಂದೂ ಬಾಯಿ ತೆರೆಯಲಿಲ್ಲ. ಗುಂಡು ಎಂದೂ ಊಟಕ್ಕೆ ಇಲ್ಲ ಅಂದವನಲ್ಲ, ಅವನೂ ಮುಖ ಸಿಂಡರಿಸಿ ಚಮಚ ಕೆಳಗಿಟ್ಟ. ಕೇಕಿನಿಂದ ಹೊಟ್ಟೆ ತುಂಬಿದೆ, ಹಟ ಮಾಡುತ್ತಿವೆ ಎಂದುಕೊಂಡರು ಅತ್ತಿಗೆ. ಮೂಗು ಇದ್ದ ದಿನಗಳಲ್ಲಾಗಿದ್ದರೆ ಆ ಮುಖಗಳನ್ನು ನೋಡಿದ ಕೂಡಲೇ ತಾವೇ ಬಟ್ಟಲಿಗೆ ಮೂಗು ಹಚ್ಚುತ್ತಿದ್ದರು. ಆ ದಿನ ಗಂಡ ಹೇಳಿದ್ದಾನೆ, ಸರಿಯೇ ಇರಬೇಕು. ಒಬ್ಬೊಬ್ಬರನ್ನೇ ಮುದ್ದು ಮಾಡಿ ಉಣಿಸಿದರು. ಬೇಡಮ್ಮ ಅತ್ತು ಬಾಯಿ ಮುಚ್ಚಿಕೊಂಡಳು. ಕಾಗೆ, ಕುದುರೆ, ಲಾರಿ ಎಲ್ಲ ಮುಗಿದ ಮೇಲೆ ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಬಟ್ಟಲು ಖಾಲಿಯಾಗುವವರೆಗೆ ಬಿಡಲಿಲ್ಲ. ಉಳಿದ ಮಕ್ಕಳು ನಾಲ್ಕು ಚಮಚಕ್ಕೆ ತಪ್ಪಿಸಿಕೊಂಡವು. ಪೂರ್ತಿ ಉಂಡವಳು ಅವಳೊಬ್ಬಳೇ.

ಮಕ್ಕಳು ಮನೆಗೆ ಹೊರಡುವ ಹೊತ್ತಿಗೇ ವಾಂತಿ ಶುರುವಾಯಿತು. ನಾನು ಅಂಗಡಿಯಿಂದ ಬರುತ್ತಿದ್ದಂತೆ ಮೆಟ್ಟಿಲ ಮೇಲೆ ಒಬ್ಬ ಅಪ್ಪ ಮಗುವನ್ನು ಎದೆಗೊತ್ತಿಕೊಂಡು ಓಡಿ ಇಳಿಯುತ್ತಿದ್ದ. ಒಳಗೆ ಚಾಪೆಗಳೆಲ್ಲ ತೊಳೆಯಲು ಬಿದ್ದಿದ್ದವು, ಅಣ್ಣ ಬಕೆಟ್ಟು ಹಿಡಿದು ನಿಂತಿದ್ದ, ಅತ್ತಿಗೆಯ ಮಡಿಲಲ್ಲಿ ಬೇಡಮ್ಮ ಬಾಡಿದ ಸೊಪ್ಪಿನ ಹಾಗೆ ಬಿದ್ದುಕೊಂಡಿದ್ದಳು. ಅಳುವ ತ್ರಾಣವೂ ಅವಳಿಗಿರಲಿಲ್ಲ. ಅಂಗಡಿಯಲ್ಲಿ ದಿನವೂ ನೋಡುವವಳು ನಾನು. ತುಟಿ ಒಣಗಿ ಕಣ್ಣು ಒಳಗೆ ಹೋದ ಕೂಸನ್ನು ಕಂಡರೆ ತಡಮಾಡಬಾರದೆಂದು ನನಗೆ ಗೊತ್ತು. ಆಟೋ ಹಿಡಿದು ಆಸ್ಪತ್ರೆಗೆ ಒಯ್ದೆವು. ತಾಯಿ ಕಾರ್ಖಾನೆಯಿಂದ ನೇರ ಅಲ್ಲಿಗೇ ಬಂದಳು. ಆ ಸಣ್ಣ ಕೈಯಲ್ಲಿ ನರ ಸಿಗದೆ ನರ್ಸು ಹುಡುಕಿ ಹುಡುಕಿ ಕೊನೆಗೆ ಡ್ರಿಪ್ಪು ಹಾಕಿದಳು. ಈ ರಾತ್ರಿ ಕಳೆಯಲಿ, ಆಮೇಲೆ ಹೇಳುತ್ತೇವೆ ಎಂದರು ಡಾಕ್ಟರು.

ಮನೆಗೆ ಬಂದ ಮೇಲೆ ಅತ್ತಿಗೆ ಕೈಕಾಲು ತೊಳೆಯದೆ ಅಡುಗೆಮನೆಯ ನೆಲದ ಮೇಲೆ ಕೂತರು. ತಳದಲ್ಲಿ ಒಂದಿಷ್ಟು ಸೂಪು ಉಳಿದ ಪಾತ್ರೆಯನ್ನು ನನ್ನ ಕಡೆ ತಳ್ಳಿದರು.

“ನೀನು ಮೂಸಿ ನೋಡೇ.”

ಮುಚ್ಚಳ ಎತ್ತುವಷ್ಟರಲ್ಲಿ ಹುಳಿ ನಾತ ಮುಖಕ್ಕೆ ಬಡಿಯಿತು. ದಿನವೆಲ್ಲ ಹೊರಗಿದ್ದ ಪಾತ್ರೆ, ಆ ನಾತದಲ್ಲಿ ಆಮೇಲೆ ಕೆಟ್ಟದ್ದರ ಪಾಲೂ ಇದ್ದೀತು. ಆದರೂ ಕೆಟ್ಟಿದೆ ಎಂದು ಹೇಳಿದೆ. ಆಗಲೇ ಅವರು ತಮ್ಮ ಮೂಗಿನ ಸಂಗತಿಯನ್ನು ಬಾಯಿಬಿಟ್ಟದ್ದು. ಹೇಳಿ ಮುಗಿಸಿ, ಬಾಗಿಲಲ್ಲಿ ನಿಂತಿದ್ದ ಅಣ್ಣನ ಕಡೆ ತಿರುಗಿದರು.

“ಬೆಳಿಗ್ಗೆ ನಿಮಗೆ ವಾಸನೆ ಬಂತಾ, ಇಲ್ವಾ? ನಿಜ ಹೇಳಿ.”

“ಒಂಚೂರು ಹುಳಿ ಅನ್ನಿಸ್ತು.”

“ಮತ್ತೆ ಯಾಕೆ ಚೆನ್ನಾಗಿದೆ ಅಂದ್ರಿ?”

“ನೀನು ಸುಸ್ತಲ್ಲೂ ನಿಂತು ಮಾಡಿದ್ದೆ. ಮತ್ತೆ ಮೊದಲಿಂದ ಮಾಡಬೇಕಲ್ಲ ಅಂತ ಪಾಪ ಅನ್ನಿಸ್ತು. ಕುದಿಸ್ತೀಯಲ್ಲ, ಹೋಗುತ್ತೆ ಅಂದ್ಕೊಂಡೆ.”

ಕುದಿಸಿದರೂ ಹೋಗದ ವಿಷ ಇರುತ್ತದೆ ಎಂದು ನಾನು ಕಿರುಚಿದೆ. ಬಾಯಿಗೆ ಬಂದದ್ದೆಲ್ಲ ಬೈದೆ. ಅತ್ತಿಗೆ ಬೈಯಲಿಲ್ಲ. ಕೋಪ ಬರಿಸಿಕೊಳ್ಳುವ ಶಕ್ತಿಯೂ ಅವರಲ್ಲಿ ಉಳಿದಿರಲಿಲ್ಲ. “ಹಾಗಾದ್ರೆ ಇಷ್ಟು ವರ್ಷ ನಾನು ಮಾಡಿ ಹಾಕಿದ್ದರಲ್ಲಿ ಯಾವುದು ಚೆನ್ನಾಗಿತ್ತು, ಯಾವುದು ಇರಲಿಲ್ಲ?” ಎಂದು ಕೇಳಿದರು. ಅಣ್ಣ ಅತ್ತುಬಿಟ್ಟ. ನನಗೆ ಇಬ್ಬರ ಮೇಲೂ ಸಿಟ್ಟು, ಇಬ್ಬರನ್ನೂ ಕಂಡರೆ ಸಂಕಟ.

ಬೆಳಿಗ್ಗೆ ಹೊತ್ತಿಗೆ ಬೇರೆ ಮಕ್ಕಳೆಲ್ಲ ಚೇತರಿಸಿಕೊಂಡಿದ್ದವು. ಹೆತ್ತವರ ಫೋನುಗಳು ಒಂದರ ಹಿಂದೊಂದು ಬಂದವು. ಅತ್ತಿಗೆ ಪ್ರತಿ ಸಲವೂ ಬೈಗುಳಕ್ಕೆ ಸಿದ್ಧರಾಗಿಯೇ ಫೋನು ಎತ್ತಿದರು. ಯಾರೂ ಬೈಯಲಿಲ್ಲ. ಎಲ್ಲರ ಸಿಟ್ಟೂ ಕೇಕಿನ ಮೇಲೆ. ಕೆನೆ ಹಾಕಿದ ಕೇಕನ್ನು ಈ ಬಿಸಿಲಲ್ಲಿ ಬಸ್ಸಿನಲ್ಲಿ ತರುತ್ತಾರಾ, ಗುಂಡುವಿನ ಅಮ್ಮನಿಗೆ ಬುದ್ಧಿ ಬೇಡವಾ, ನಿಮ್ಮಂಥವರ ಕೈಯಲ್ಲಿ ಮಕ್ಕಳಿಗೆ ಎಂದಾದರೂ ಹೀಗಾಗಿತ್ತಾ ಎಂದು ಇವರಿಗೇ ಸಮಾಧಾನ ಹೇಳಿದರು. ಕೊನೆಗೆ ಗುಂಡುವಿನ ಅಮ್ಮನೇ ಫೋನು ಮಾಡಿ ಬಿಕ್ಕಿ ಬಿಕ್ಕಿ ಅತ್ತಳು. “ಅಮ್ಮಾ, ಆ ಮಗೂಗೆ ಏನಾದ್ರೂ ಆದ್ರೆ ನಾನು ಹೇಗೆ ಬದುಕಲಿ?”

ಅತ್ತಿಗೆ ಫೋನು ಇಟ್ಟು ಸೀರೆ ಸರಿಮಾಡಿಕೊಂಡರು. ಎಲ್ಲಿಗೆ ಎಂದೆ. ಆಸ್ಪತ್ರೆಗೆ, ಹೇಳಿ ಬರ್ತೀನಿ ಎಂದರು.

ನಾನು ಬಾಗಿಲಿಗೆ ಅಡ್ಡ ನಿಂತೆ. “ಅತ್ತಿಗೆ, ಯಾರೂ ನಿಮ್ಮನ್ನ ಕೇಳಿಲ್ಲ. ಮಕ್ಕಳೆಲ್ಲ ಹುಷಾರಾಗ್ತಿದಾವೆ. ಇನ್ನು ಮೇಲೆ ಬೆಳಿಗ್ಗೆ ಬೇಗ ನಾನೇ ಬಂದು ಎಲ್ಲಾ ಮೂಸಿ ಹೋಗ್ತೀನಿ. ನೀವು ಬಾಯಿಬಿಟ್ರೆ ನಾಳೆಯಿಂದ ಒಂದು ಮಗೂನೂ ಬರಲ್ಲ. ಮನೆ ಹೇಗೆ ನಡೆಯುತ್ತೆ?”

“ಅವಳು ತನ್ನ ಕೇಕು ಅಂತ ಅಳ್ತಾ ಇದಾಳೆ ಕಣೇ.”

“ಅಳಲಿ ಬಿಡಿ, ನಾಲ್ಕು ದಿನ ಅತ್ತು ಮರೀತಾಳೆ.”

ಅತ್ತಿಗೆ ನನ್ನ ಮುಖ ನೋಡಿದರು. “ನೀನು ಮರೀತೀಯಾ?” ಎಂದರು. ನನ್ನನ್ನು ಪಕ್ಕಕ್ಕೆ ಸರಿಸುವಷ್ಟು ಬಲ ಆ ತೋಳಿನಲ್ಲಿ ಇನ್ನೂ ಇತ್ತು. ನಾನು ಹೇಳಿದ್ದರಲ್ಲಿ ತಪ್ಪೇನಿತ್ತು ಎಂದು ನನಗೆ ಇಂದಿಗೂ ಅನ್ನಿಸುವುದುಂಟು. ಬೈಯುತ್ತಲೇ ಚಪ್ಪಲಿ ಮೆಟ್ಟಿ ಅವರ ಹಿಂದೆ ಹೋದೆ.

ಬೇಡಮ್ಮ ಕಣ್ಣು ಬಿಟ್ಟಿದ್ದಳು. ಡ್ರಿಪ್ಪು ಇನ್ನೂ ಇತ್ತು, ಅಪಾಯ ದಾಟಿದೆ ಎಂದು ಹೇಳಿದ್ದರಂತೆ. ಅವಳ ತಾಯಿ ಮಂಚದ ಪಕ್ಕದ ಸ್ಟೂಲಿನ ಮೇಲೆ ಕಾರ್ಖಾನೆಯ ಸಮವಸ್ತ್ರದಲ್ಲೇ ಕೂತಿದ್ದಳು. ಅತ್ತಿಗೆಯನ್ನು ಕಂಡು ಎದ್ದು, ಕೂತ್ಕೊಳ್ಳಿ ಅಮ್ಮಾ ಎಂದು ತನ್ನ ಸ್ಟೂಲು ಕೊಟ್ಟಳು. ಅತ್ತಿಗೆ ಕೂರಲಿಲ್ಲ.

“ಕೇಕಿಂದ ಆಗಿದ್ದಲ್ಲ ಇದು. ನನ್ನ ಸೂಪಿಂದ ಆಗಿದ್ದು. ಹಿಂದಿನ ದಿನ ಮಾಡಿಟ್ಟಿದ್ದೆ, ಕೆಟ್ಟಿತ್ತು. ಜ್ವರ ಬಂದಮೇಲೆ ನಂಗೆ ವಾಸನೆ, ರುಚಿ ಎರಡೂ ಗೊತ್ತಾಗಲ್ಲಮ್ಮ. ನಿಮಗ್ಯಾರಿಗೂ ಹೇಳಿರಲಿಲ್ಲ. ಇವಳು ಬೇಡ ಬೇಡ ಅಂತ ಅತ್ತಳು, ನಾನೇ ಹಿಡಿದು ತಿನ್ನಿಸಿದೆ.”

ತಾಯಿಗೆ ಅದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮುಖದಲ್ಲಿ ರಕ್ತವೇರಿತು. ಈಗ ಬೈಯುತ್ತಾಳೆ, ಬೈದರೆ ಒಳ್ಳೆಯದು, ಅತ್ತಿಗೆಗೂ ಹಗುರಾಗುತ್ತದೆ ಎಂದು ನಾನು ಕಾದೆ. ಅವಳು ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ತೆರೆದಾಗ ಕೇಳಿದ್ದು ಒಂದೇ ಮಾತು.

“ಇನ್ನೆರಡು ದಿನ ರಜ ಮಾಡಿದ್ರೆ ಕೆಲಸ ಹೋಗುತ್ತೆ. ಇವಳನ್ನ ಯಾರ ಹತ್ರ ಬಿಡಲಿ ಹೇಳಿ?”

ಮನೆಗೆ ಬಂದ ಮೇಲೆ ಅತ್ತಿಗೆ ಮೆಟ್ಟಿಲ ಹತ್ತಿರ ನಿಂತು, “ಉಗಿದಿದ್ರೆ ಚೆನ್ನಾಗಿತ್ತು” ಎಂದರು.

ಉಗಿಯುವ ಕೆಲಸವನ್ನು ಉಳಿದವರು ಮಾಡಿದರು. ಅತ್ತಿಗೆ ಒಬ್ಬೊಬ್ಬರಿಗೂ ತಾವೇ ಫೋನು ಮಾಡಿ ಹೇಳಿದರು. ಬೆಳಿಗ್ಗೆ ಸಮಾಧಾನ ಹೇಳಿದವರೇ ಈಗ ಬಾಯಿಗೆ ಬಂದಂತೆ ಮಾತಾಡಿದರು. ಗುಂಡುವಿನ ಅಮ್ಮ ಮೊದಲು ದೇವರೇ ಎಂದು ನಿಟ್ಟುಸಿರು ಬಿಟ್ಟಳು, ಆಮೇಲೆ ಅವಳ ದನಿಯೇ ಎಲ್ಲರದಕ್ಕಿಂತ ಜೋರಾಯಿತು. ಅತ್ತಿಗೆ ಎಲ್ಲಕ್ಕೂ ಹ್ಞೂಂ ಹ್ಞೂಂ ಎಂದು ಗೋಣು ಅಲ್ಲಾಡಿಸಿದರು. ಮರುದಿನ ಬೆಳಿಗ್ಗೆ ಗಂಟೆ ಬಾರಿಸಲಿಲ್ಲ. ಅತ್ತಿಗೆ ಬೆಳಕು ಹರಿಯುವ ಮುಂಚೆಯೇ ಎದ್ದು, ಚಾಪೆ ಹಾಸಿ, ಅದರ ಮೇಲೆ ತಾವೇ ಕೂತಿದ್ದರಂತೆ.

ಬೀದಿಯ ಆ ತುದಿಯಲ್ಲಿ ಇನ್ನೊಬ್ಬಳು ಮಕ್ಕಳನ್ನು ನೋಡಿಕೊಳ್ಳುತ್ತಾಳೆ. ಅತ್ತಿಗೆಗಿಂತ ವಯಸ್ಸಿನಲ್ಲಿ ಬಹಳ ಚಿಕ್ಕವಳು. ಅತ್ತಿಗೆ ಅವಳಿಗೆ ಬಿಸ್ಕತ್ತಿನವಳು ಎಂದು ಹೆಸರಿಟ್ಟಿದ್ದರು. ಮಕ್ಕಳ ಕೈಗೆ ಬಿಸ್ಕತ್ತು ಕೊಟ್ಟು ಟಿ.ವಿ. ಮುಂದೆ ಕೂರಿಸುವುದನ್ನು ಕಂಡರೆ ಇವರಿಗೆ ಮೈಯೆಲ್ಲ ಉರಿ. ಆ ಮನೆಯ ಮುಂದೆ ಹಾಯುವಾಗ ಮುಖ ಆ ಕಡೆ ತಿರುಗಿಸುತ್ತಿದ್ದರು. ಆ ದಿನ ಅದೇ ಮನೆಯ ಬಾಗಿಲು ತಟ್ಟಿದರು. ಅಣ್ಣನನ್ನು ಕರೆದುಕೊಂಡು ಹೋಗಲಿಲ್ಲ, ನನ್ನನ್ನು ಕರೆದುಕೊಂಡು ಹೋದರು. ಬಿಸ್ಕತ್ತಿನವಳು ಕಂಕುಳಲ್ಲೊಂದು ಕೂಸು, ಕಾಲಿಗೊಂದು ಕೂಸು ಜೋತುಬಿದ್ದಂತೆಯೇ ಬಂದು ಬಾಗಿಲು ತೆರೆದಳು. ಅವಳ ಕಣ್ಣ ಕೆಳಗೂ ಕಪ್ಪು ಕಟ್ಟಿತ್ತು. ಅಷ್ಟು ವರ್ಷ ಅವಳನ್ನು ಆಡಿಕೊಂಡವರು ನಾವು, ಹತ್ತಿರದಿಂದ ನೋಡಿದ್ದು ಅದೇ ಮೊದಲು.

“ನೋಡಮ್ಮ, ವಿಷಯ ನಿನಗೂ ಮುಟ್ಟಿರುತ್ತೆ” ಎಂದರು ಅತ್ತಿಗೆ. “ನನ್ನ ಹತ್ರ ಬರ್ತಿದ್ದ ಮಕ್ಕಳಿಗೆ ಜಾಗ ಬೇಕು. ನೀನು ಒಪ್ಪಿದ್ರೆ ನಾನೂ ಜೊತೆಗೆ ಬರ್ತೀನಿ. ತೊಳೆಯೋದು, ಒರೆಸೋದು, ಮಲಗಿಸೋದು ನಂದು. ಒಲೆ ಹತ್ರ ಮಾತ್ರ ನೀನೇ ಇರಬೇಕು. ಬಿಸ್ಕತ್ತಲ್ಲಿ ಆಗಲ್ಲ, ಅಡುಗೆ ಮಾಡಬೇಕು. ಏನು ಹಾಕಬೇಕು, ಹೇಗೆ ಹೆಚ್ಚಬೇಕು ಎಲ್ಲಾ ಹೇಳಿಕೊಡ್ತೀನಿ. ಮೂಸೋದು, ರುಚಿ ನೋಡೋದು ನೀನು. ಕೆಟ್ಟಿದ್ರೆ ಕೆಟ್ಟಿದೆ ಅಂತ ನನ್ನ ಮುಖಕ್ಕೇ ಹೇಳಬೇಕು.”

ಬಿಸ್ಕತ್ತಿನವಳು ಅನುಮಾನದಿಂದ ನನ್ನನ್ನು ನೋಡಿದಳು, ಅತ್ತಿಗೆಯನ್ನು ನೋಡಿದಳು. ಕಂಕುಳಲ್ಲಿದ್ದ ಕೂಸು ಆಗಲೇ ಅತ್ತಿಗೆಯ ಕಡೆಗೆ ಬಾಗಿ ಕೈಚಾಚಿತ್ತು. “ಸಂಬಳ ಅಂತ ಜಾಸ್ತಿ ಕೊಡಕ್ಕಾಗಲ್ಲಕ್ಕಾ” ಎಂದು ಅದನ್ನು ದಾಟಿಸಿದಳು. ಅಣ್ಣನಿಗೆ ಅಲ್ಲಿ ಕೆಲಸವಿಲ್ಲ. ಅವನೀಗ ಬೆಳಿಗ್ಗೆ ಮನೆಮನೆಗೆ ಪತ್ರಿಕೆ ಹಾಕುತ್ತಾನೆ. ಊಟಕ್ಕೆ ಕೂತಾಗ ಅವನೂ ಅತ್ತಿಗೆಯೂ ಮಾತಾಡುವುದು ಕಮ್ಮಿ.

ಮೊದಲು ಬೇಡಮ್ಮನ ತಾಯಿ ಬಂದಳು, ಅವಳಿಗೆ ಬೇರೆ ದಾರಿ ಇರಲಿಲ್ಲ. ಆಮೇಲೆ ಗುಂಡುವಿನ ಅಮ್ಮ ಬಂದಳು, ಮುಖ ಊದಿಸಿಕೊಂಡೇ. ಉಳಿದವರು ಬರಲಿಲ್ಲ. ಅತ್ತಿಗೆ ಈಗಲೂ ಅಷ್ಟೇ ಬೇಗ ಏಳುತ್ತಾರೆ, ಬೀದಿಯುದ್ದಕ್ಕೂ ಸೊಂಟ ಒತ್ತಿಕೊಳ್ಳುತ್ತ ನಡೆದು ಹೋಗುತ್ತಾರೆ, ಬೇರೆಯವರ ಮನೆಯ ಬಾಗಿಲಲ್ಲಿ ನಿಂತು ಕೂಸುಗಳನ್ನು ಇಳಿಸಿಕೊಳ್ಳುತ್ತಾರೆ. ಮೂಗು ಮರಳಿಲ್ಲ. ನಾನು ಕೆಲಸಕ್ಕೆ ಹೋಗುವ ದಾರಿ ಅದೇ ಆದ್ದರಿಂದ ದಿನವೂ ನೋಡುತ್ತೇನೆ.

ಬೇಡಮ್ಮ ದೂರದಿಂದಲೇ ಅತ್ತಿಗೆಯನ್ನು ಕಂಡು ತಾಯಿಯ ಕೈ ಎಳೆಯುತ್ತಾಳೆ. ತಾಯಿ ಆ ಕೈಯನ್ನು ಕೂಡಲೇ ಬಿಡುವುದಿಲ್ಲ. ಬಾಗಿಲ ಹತ್ತಿರ ಬಂದು, ಮಗಳನ್ನು ಹಿಡಿದುಕೊಂಡೇ, ದಿನವೂ ಒಂದೇ ಪ್ರಶ್ನೆ ಕೇಳುತ್ತಾಳೆ.

“ಇವತ್ತು ಅಡುಗೆ ಮಾಡೋದು ಯಾರು?”

ಉತ್ತರ ಅವಳಿಗೆ ಗೊತ್ತು. ಬಿಸ್ಕತ್ತಿನವಳಿಗೆ ಗೊತ್ತು, ಆ ಬೀದಿಗೆಲ್ಲ ಗೊತ್ತು. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ, ಎರಡು ಮಾತು ಅನ್ನಬೇಕೆನ್ನಿಸುತ್ತದೆ. ಅತ್ತಿಗೆಗೆ ಸಿಟ್ಟು ಬರುವುದಿಲ್ಲ.

“ನಾನಲ್ಲಮ್ಮ” ಎನ್ನುತ್ತಾರೆ.

ಆಮೇಲೆ ಅವಳು ಮಗಳ ಕೈ ಬಿಡುತ್ತಾಳೆ.